ಎಲೆಕ್ಟ್ರಾನ್‌ಗಳ ಲೆಕ್ಕ ಇಡುವ ಬೆಳಕು

ಅತಿವಾಹಕವೊಂದರಲ್ಲಿ ವಿದ್ಯುತ್ತು ತಡೆಯಿಲ್ಲದೆ ಹರಿಯುತ್ತದೆ ಎಂಬುದನ್ನು ಕಂಡುಕೊಳ್ಳಲು ನಾಲ್ಕು ತಂತಿ, ಒಂದು ವಿದ್ಯುತ್ ಮೂಲ ಮತ್ತು ಒಂದು ವೋಲ್ಟ್‌ಮೀಟರ್ ಸಾಕು. ಆದರೆ ಮೀಟರಿನ ಮುಳ್ಳು ಸೊನ್ನೆಗೆ ಇಳಿದ ಗಳಿಗೆಯಲ್ಲೇ ಆ ಪ್ರಯೋಗ ಹೇಳಬಹುದಾದುದೆಲ್ಲ ಮುಗಿದುಹೋಗುತ್ತದೆ. ಎಷ್ಟು ಎಲೆಕ್ಟ್ರಾನ್‌ಗಳು ಆ ಸ್ಥಿತಿಗೆ ಬಂದವು, ಯಾವ ಶಕ್ತಿಯ ಮಟ್ಟದಿಂದ ಬಂದವು, ಬರುವ ಮೊದಲು ಹೇಗೆ ಚಲಿಸುತ್ತಿದ್ದವು ಎಂಬ ಪ್ರಶ್ನೆಗಳಿಗೆ ಸೊನ್ನೆಯಲ್ಲಿ ಉತ್ತರವಿರುವುದಿಲ್ಲ. ಈ ಪ್ರಶ್ನೆಗಳನ್ನು ಕೇಳಬಲ್ಲ ಸಾಧನಗಳಲ್ಲಿ ಅವಕೆಂಪು ಬೆಳಕು ಮುಖ್ಯವಾದುದು. ಗೋಚರ ಬೆಳಕಿನ ಕೆಂಪು ಅಂಚಿನಾಚೆ, ಅಂದರೆ ಸುಮಾರು 0.7 ಮೈಕ್ರೋಮೀಟರಿನಿಂದ ಮಿಲಿಮೀಟರಿನವರೆಗೆ ಹರಡಿರುವ ತರಂಗಾಂತರಗಳ ಈ ಬೆಳಕು ತಾಮ್ರದ ಆಕ್ಸೈಡುಗಳೆಂಬ ವಿಚಿತ್ರ ವಸ್ತುಗಳ ಮೇಲೆ ಬಿದ್ದು ಮರಳಿದಾಗ ಹೊತ್ತು ತಂದ ಸುದ್ದಿ, ಅದನ್ನು ಹುಡುಕಿ ಹೊರಟವರು ನಿರೀಕ್ಷಿಸಿದ್ದ ಸುದ್ದಿಯಾಗಿರಲಿಲ್ಲ. ಎಲೆಕ್ಟ್ರಾನ್‌ಗಳ ನಡುವಿನ ಬಂಧದ ಬಲವನ್ನು ಅಳೆಯಲು ಹೂಡಿದ ಪ್ರಯೋಗಗಳು ಕೊನೆಗೆ ಎಲೆಕ್ಟ್ರಾನ್‌ಗಳ ಲೆಕ್ಕಪತ್ರವನ್ನು ತೆರೆದಿಟ್ಟವು, ಮತ್ತು ಆ ಲೆಕ್ಕವೇ ಮೂಲ ಪ್ರಶ್ನೆಗಿಂತ ಹೆಚ್ಚು ಬೆಲೆಯುಳ್ಳದ್ದಾಯಿತು.

ಅತಿವಾಹಕತೆಯನ್ನು 1911ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸದಲ್ಲಿ ಕಂಡುಹಿಡಿದಾಗ ಅದಕ್ಕೆ 4.2 ಕೆಲ್ವಿನ್‌ನಷ್ಟು, ಅಂದರೆ ನಿರಪೇಕ್ಷ ಶೂನ್ಯಕ್ಕೆ ತೀರ ಸಮೀಪದ ಚಳಿ ಬೇಕಾಗಿತ್ತು. ಅದರ ಕಾರಣವನ್ನು ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ 1957ರಲ್ಲಿ ವಿವರಿಸಿದರು: ಸ್ಫಟಿಕ ಜಾಲಕದ ಕಂಪನಗಳ ಮೂಲಕ ಎಲೆಕ್ಟ್ರಾನ್‌ಗಳು ಜೋಡಿಗಳಾಗುತ್ತವೆ, ಜೋಡಿಗಳೆಲ್ಲ ಒಂದೇ ಕ್ವಾಂಟಂ ಸ್ಥಿತಿಯಲ್ಲಿ ನೆಲೆಗೊಳ್ಳುತ್ತವೆ, ಒಂದು ಜೋಡಿಯನ್ನು ಮುರಿಯಲು ಇಂತಿಷ್ಟೆಂಬ ಕನಿಷ್ಠ ಶಕ್ತಿ ಬೇಕಾಗುತ್ತದೆ. ಈ ಕನಿಷ್ಠ ಶಕ್ತಿಗೆ ಶಕ್ತಿ ಅಂತರ ಎಂದು ಹೆಸರು. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದ ಬೆಡ್ನೋರ್ಟ್ಸ್ ಮತ್ತು ಮ್ಯುಲ್ಲರ್ ಲ್ಯಾಂಥನಂ-ಬೇರಿಯಂ-ತಾಮ್ರದ ಆಕ್ಸೈಡು 30 ಕೆಲ್ವಿನ್ ಆಸುಪಾಸಿನಲ್ಲೇ ಅತಿವಾಹಕವಾಗತೊಡಗುವುದನ್ನು ತೋರಿಸಿದರು. ಮರುವರ್ಷವೇ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡು 90 ಕೆಲ್ವಿನ್ ದಾಟಿ, ದ್ರವ ಸಾರಜನಕದ 77 ಕೆಲ್ವಿನ್ ಕುದಿಬಿಂದುವನ್ನು ಹಿಂದಿಕ್ಕಿತು. ಆ ವರ್ಷ ಇಟ್ರಿಯಂ ಸಂಯುಕ್ತದಲ್ಲಿ ಅತಿವಾಹಕತೆಗೆ ಕಾರಣವಾದ ಘಟಕ ಯಾವುದೆಂಬುದನ್ನು ಗುರುತಿಸಿದ ತಂಡಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರ ತಂಡವೂ ಒಂದು. ಈ ಎಲ್ಲ ವಸ್ತುಗಳ ರಚನೆಯಲ್ಲಿ ಸಮಾನವಾದ ಅಂಶವೆಂದರೆ ತಾಮ್ರ ಮತ್ತು ಆಮ್ಲಜನಕದ ಪರಮಾಣುಗಳಿಂದಾದ ತೆಳು ಪದರಗಳು. ಎಲೆಕ್ಟ್ರಾನ್‌ಗಳು ಪದರದೊಳಗೆ ಸರಾಗವಾಗಿಯೂ ಪದರದಿಂದ ಪದರಕ್ಕೆ ಬಹು ಕಷ್ಟದಿಂದಲೂ ಚಲಿಸುತ್ತವೆ.

ಲೋಹದ ಮೇಲೆ ಬೆಳಕು ಬಿದ್ದಾಗ ಅದರ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನ್‌ಗಳನ್ನು ಹಿಂದೆ ಮುಂದೆ ಎಳೆಯುತ್ತದೆ. ಹಾಗೆ ಎಳೆದಾಗ ಅವು ಎಷ್ಟು ಸುಲಭವಾಗಿ ಓಡಾಡುತ್ತವೆ ಎಂಬುದನ್ನು ಬೆಳಕಿನ ಪ್ರತಿಯೊಂದು ಆವರ್ತಾಂಕಕ್ಕೂ ಹೇಳುವ ಅಳತೆಯೇ ದ್ಯುತಿವಾಹಕತೆ. ವೋಲ್ಟ್‌ಮೀಟರ್ ಅಳೆಯುವುದು ಇದರ ಶೂನ್ಯ ಆವರ್ತಾಂಕದ ತುದಿಯನ್ನು ಮಾತ್ರ. ಜರ್ಮನಿಯ ಪೌಲ್ ಡ್ರೂಡ 1900ರಲ್ಲಿ ರೂಪಿಸಿದ ಮಾದರಿಯ ಪ್ರಕಾರ ಸಾಮಾನ್ಯ ಲೋಹದ ದ್ಯುತಿವಾಹಕತೆ ಶೂನ್ಯ ಆವರ್ತಾಂಕದಲ್ಲಿ ಶಿಖರ ಮುಟ್ಟಿ ಮುಂದೆ ಇಳಿಯುತ್ತ ಹೋಗುತ್ತದೆ, ಮತ್ತು ಆ ಶಿಖರದ ಅಗಲವೇ ಎಲೆಕ್ಟ್ರಾನ್‌ಗಳು ಪ್ರತಿ ಸೆಕೆಂಡಿಗೆ ಎಷ್ಟು ಬಾರಿ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತವೆ ಎಂಬ ಚದುರಿಕೆಯ ದರವನ್ನು ತಿಳಿಸುತ್ತದೆ. ಲೋಹ ಅತಿವಾಹಕವಾದಾಗ ಶಕ್ತಿ ಅಂತರಕ್ಕಿಂತ ಕಡಿಮೆ ಶಕ್ತಿಯ ಫೋಟಾನ್‌ಗಳು ಜೋಡಿಗಳನ್ನು ಮುರಿಯಲಾರವು, ಆದ್ದರಿಂದ ವಸ್ತು ಅವುಗಳನ್ನು ಹೀರಲಾರದು. ಅಮೆರಿಕದ ಬರ್ಕ್ಲಿಯಲ್ಲಿ ಗ್ಲೋವರ್ ಮತ್ತು ಟಿಂಕಮ್ 1956ರಲ್ಲಿ ಅತಿ ತೆಳುವಾದ ಸೀಸದ ಪೊರೆಗಳ ಮೂಲಕ ದೂರದ ಅವಕೆಂಪು ಕಿರಣಗಳನ್ನು ಹಾಯಿಸಿ, ಪರಿಪೂರ್ಣ ಸಿದ್ಧಾಂತ ಹೊರಬರುವ ಮೊದಲೇ ಈ ಅಂತರದ ಗುರುತನ್ನು ಹಿಡಿದಿದ್ದರು. ಸೀಸದ ಅಂತರ ಸುಮಾರು 2.7 ಮಿಲಿ ಎಲೆಕ್ಟ್ರಾನ್‌ವೋಲ್ಟ್. ಅದಕ್ಕೆ ಸರಿಸಾಟಿಯಾದ ಬೆಳಕಿನ ತರಂಗಾಂತರ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. 93 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಇಟ್ರಿಯಂ ಸಂಯುಕ್ತಕ್ಕೆ ಅದೇ ಸಿದ್ಧಾಂತದ ಸರಳ ಸೂತ್ರವನ್ನು ಹಚ್ಚಿದರೆ ಅಂತರ ಸುಮಾರು 28 ಮಿಲಿ ಎಲೆಕ್ಟ್ರಾನ್‌ವೋಲ್ಟ್, ತರಂಗಾಂತರ ಸುಮಾರು 44 ಮೈಕ್ರೋಮೀಟರ್ ಎಂದಾಗುತ್ತದೆ. ಇದು ಅವಕೆಂಪು ರೋಹಿತಮಾಪಕಗಳು ಆರಾಮವಾಗಿ ಅಳೆಯಬಲ್ಲ ಪ್ರದೇಶವಾದ್ದರಿಂದ, 1987ರ ನಂತರ ಹತ್ತಾರು ಪ್ರಯೋಗಾಲಯಗಳು ಈ ಅಂತರದ ಬೇಟೆಗೆ ಇಳಿದವು.

ಅಳತೆಯ ತತ್ತ್ವ ಸರಳವಾದರೂ ಆಚರಣೆ ಸರಳವಲ್ಲ. ಸ್ಫಟಿಕಗಳು ಬೆಳಕನ್ನು ತಮ್ಮ ಮೂಲಕ ಹಾಯಗೊಡದಷ್ಟು ದಪ್ಪವಾಗಿರುವುದರಿಂದ, ಅವುಗಳ ಮೇಲ್ಮೈ ಎಷ್ಟು ಪಾಲು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಪ್ರತಿಫಲನಾಂಶವನ್ನು ಅಳೆಯಬೇಕಾಗುತ್ತದೆ. ಅದೊಂದರಿಂದಲೇ ದ್ಯುತಿವಾಹಕತೆ ಸಿಗದು, ಏಕೆಂದರೆ ಮರಳಿದ ಅಲೆ ಎಷ್ಟು ತಡವಾಗಿ ಮರಳಿತು ಎಂಬ ಪ್ರಾವಸ್ಥೆಯ ಮಾಹಿತಿಯೂ ಬೇಕು. ಪರಿಣಾಮವು ಕಾರಣಕ್ಕಿಂತ ಮೊದಲು ಬರಲಾರದು ಎಂಬ ಒಂದೇ ನಿಯಮವನ್ನು ಆಧರಿಸಿ ಕ್ರೋನಿಗ್ ಮತ್ತು ಕ್ರೇಮರ್ಸ್ 1926-27ರ ಸುಮಾರಿಗೆ ಕೊಟ್ಟ ಗಣಿತ ಸಂಬಂಧಗಳು ಈ ಕೊರತೆಯನ್ನು ತುಂಬುತ್ತವೆ: ದೂರದ ಅವಕೆಂಪಿನಿಂದ ನೇರಳಾತೀತದವರೆಗೆ ಪ್ರತಿಫಲನಾಂಶ ತಿಳಿದಿದ್ದರೆ ಪ್ರಾವಸ್ಥೆಯನ್ನು ಲೆಕ್ಕ ಹಾಕಿ ಪಡೆಯಬಹುದು. ತೊಡಕು ನಿಖರತೆಯದು. ಈ ವಸ್ತುಗಳು ತಣ್ಣಗಾದಾಗ ದೂರದ ಅವಕೆಂಪಿನ 98-99 ಶೇಕಡಾ ಭಾಗವನ್ನು ಹಿಂದಿರುಗಿಸುವುದರಿಂದ, ಅರ್ಧ ಶೇಕಡಾ ತಪ್ಪಿದರೂ ಹೀರಿಕೆಯ ಅಂದಾಜು ಬುಡಮೇಲಾಗುತ್ತದೆ. ಮೇಲಾಗಿ ಸ್ಫಟಿಕಗಳು ಒಂದೆರಡು ಮಿಲಿಮೀಟರಿನವು, ಅವುಗಳ ಮೈ ಏರುತಗ್ಗಿನದು. ಕೆನಡದ ಹ್ಯಾಮಿಲ್ಟನ್‌ನಲ್ಲಿರುವ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಟಾಮ್ ಟಿಮುಸ್ಕ್ ಅವರ ಗುಂಪು 1993ರಲ್ಲಿ ಪ್ರಕಟಿಸಿದ ಉಪಾಯ ಇದಕ್ಕೆ ಪರಿಹಾರವಾಯಿತು. ಸ್ಫಟಿಕವನ್ನು ಶೀತಕೋಶದ ನಿರ್ವಾತದಲ್ಲಿ ಇಟ್ಟು, ಅದಕ್ಕಿಂತ ಅಗಲವಾದ ಬೆಳಕಿನ ಕಿರಣಪುಂಜದಲ್ಲಿ ಪೂರ್ತಿ ಮುಳುಗಿಸಿ ಒಮ್ಮೆ ಅಳೆಯುವುದು. ಬಳಿಕ ಅದನ್ನು ಹೊರಗೆ ತೆಗೆಯದೆ, ನಿರ್ವಾತದೊಳಗೆಯೇ ಚಿನ್ನವನ್ನು ಆವಿಯಾಗಿಸಿ ಅದರ ಮೈಗೆ ತೆಳು ಲೇಪವಾಗಿ ಹಚ್ಚಿ ಮತ್ತೊಮ್ಮೆ ಅಳೆಯುವುದು. ಚಿನ್ನದ ಪ್ರತಿಫಲನಾಂಶ ಮೊದಲೇ ತಿಳಿದಿರುವುದರಿಂದ, ಎರಡು ಅಳತೆಗಳನ್ನು ಭಾಗಿಸಿದಾಗ ಮೈಯ ಒರಟುತನದಿಂದ ಚದುರಿಹೋದ ಬೆಳಕಿನ ದೋಷ ತಾನಾಗಿ ರದ್ದಾಗುತ್ತದೆ.

ಅಂತರದ ಬೇಟೆ ಮಾತ್ರ ಕೈಗೂಡಲಿಲ್ಲ. ಪದರಗಳ ಉದ್ದಕ್ಕೂ ಅಳೆದ ರೋಹಿತದಲ್ಲಿ 50 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ ಕಂಡ ಮಡಿಕೆಯೊಂದನ್ನು ಕೆಲವರು ಅಂತರವೆಂದೇ ಬಗೆದರು. ಆದರೆ ಅದು ಸಂಕ್ರಮಣ ತಾಪಕ್ಕಿಂತ ಮೇಲೆಯೂ, ಅಂದರೆ ಅತಿವಾಹಕತೆ ಹುಟ್ಟುವ ಮೊದಲೇ, ಹಾಜರಿರುತ್ತಿತ್ತು. 1990ರಲ್ಲಿ ಕಮರಾಶ್, ಟ್ಯಾನರ್ ಮತ್ತಿತರರು, ಶುದ್ಧವಾದ ಉಚ್ಚತಾಪ ಅತಿವಾಹಕದಲ್ಲಿ ಅಂತರ ಕಾಣಿಸದು ಎಂಬ ತೀರ್ಮಾನವನ್ನೇ ಶೀರ್ಷಿಕೆಯಾಗಿಸಿದ ಪ್ರಬಂಧದಲ್ಲಿ ಕಾರಣವನ್ನು ವಿವರಿಸಿದರು. ಶುದ್ಧ ಸ್ಫಟಿಕದಲ್ಲಿ ಚದುರಿಕೆ ಕಡಿಮೆಯಾದ್ದರಿಂದ ಡ್ರೂಡ ಶಿಖರ ತೀರ ಕಿರಿದಾಗಿ, ಅಂತರದ ಶಕ್ತಿಗಿಂತ ಬಹಳ ಕೆಳಗೇ ಮುಗಿದಿರುತ್ತದೆ. ಜೋಡಿಗಳು ರೂಪುಗೊಂಡಾಗ ಆ ಶಿಖರವಷ್ಟೂ ಶೂನ್ಯ ಆವರ್ತಾಂಕಕ್ಕೆ ಕುಸಿಯುವುದರಿಂದ, ಅಂತರದ ಅಂಚಿನಲ್ಲಿ ಬೆಳಕನ್ನು ಹೀರಲು ಏನೂ ಉಳಿದಿರುವುದಿಲ್ಲ. ಅದಲ್ಲದೆ ಈ ವಸ್ತುಗಳ ಅಂತರವು ಎಲ್ಲ ದಿಕ್ಕಿನಲ್ಲೂ ಒಂದೇ ಅಳತೆಯದಲ್ಲ, ಕೆಲವು ದಿಕ್ಕುಗಳಲ್ಲಿ ಅದು ಪೂರ್ತಿ ಸೊನ್ನೆಯಾಗುತ್ತದೆ ಎಂಬುದು 1993-94ರ ಬೇರೆ ಬಗೆಯ ಪ್ರಯೋಗಗಳಿಂದ ದೃಢಪಟ್ಟಿತು. ಸೀಸದಲ್ಲಿ ಕಂಡಂಥ ಚೂಪಾದ ಅಂಚನ್ನು ಇಲ್ಲಿ ಹುಡುಕುವುದಕ್ಕೆ ಅರ್ಥವೇ ಇರಲಿಲ್ಲ.

ಅವಕೆಂಪು ಅಧ್ಯಯನಗಳ ನಿಜವಾದ ಬಲ ಬೇರೆಡೆ ಇತ್ತು. ದ್ಯುತಿವಾಹಕತೆಯ ನಕ್ಷೆಯಲ್ಲಿ ರೇಖೆಯ ಕೆಳಗಿನ ಒಟ್ಟು ಕ್ಷೇತ್ರಫಲವು ವಸ್ತುವಿನಲ್ಲಿರುವ ಎಲೆಕ್ಟ್ರಾನ್‌ಗಳ ಸಂಖ್ಯೆ ಮತ್ತು ದ್ರವ್ಯರಾಶಿಯಿಂದಲೇ ನಿರ್ಧಾರವಾಗುತ್ತದೆ. ವಸ್ತುವನ್ನು ಕಾಯಿಸಿದರೂ ತಣಿಸಿದರೂ, ಅದು ಲೋಹವಾದರೂ ಅವಾಹಕವಾದರೂ ಆ ಮೊತ್ತ ಬದಲಾಗುವುದಿಲ್ಲ. ಇದನ್ನು ಮೊತ್ತದ ನಿಯಮ ಎನ್ನುತ್ತಾರೆ. ಅಂಗಡಿಯ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಬಾಬತ್ತಿನಿಂದ ಕಳೆದ ಹಣ ಇನ್ನೊಂದು ಬಾಬತ್ತಿನಲ್ಲಿ ಕಾಣಲೇಬೇಕಾದಂತೆ, ರೋಹಿತದ ಒಂದು ಭಾಗದಲ್ಲಿ ಕಾಣೆಯಾದ ಕ್ಷೇತ್ರಫಲ ಬೇರೊಂದು ಭಾಗದಲ್ಲಿ ಸೇರಿರಲೇಬೇಕು. ಅತಿವಾಹಕದಲ್ಲಿ ಅದು ಸೇರುವ ಜಾಗ ಶೂನ್ಯ ಆವರ್ತಾಂಕದಲ್ಲಿರುವ, ಅಗಲವೇ ಇಲ್ಲದ ಮೊನೆಯಂಥ ಶಿಖರ. ಆ ಶಿಖರದಲ್ಲಿ ಎಷ್ಟು ಸಂಗ್ರಹವಾಗಿದೆ ಎಂಬುದು ಅತಿವಾಹಕ ಎಲೆಕ್ಟ್ರಾನ್‌ಗಳ ಸಾಂದ್ರತೆಯನ್ನು ನೇರವಾಗಿ ಹೇಳುತ್ತದೆ ಎಂದು ಫೆರೆಲ್, ಗ್ಲೋವರ್ ಮತ್ತು ಟಿಂಕಮ್ 1950ರ ದಶಕದ ಕೊನೆಯಲ್ಲೇ ತೋರಿಸಿದ್ದರು. ಹಳೆಯ ಅತಿವಾಹಕಗಳಲ್ಲಿ ಈ ಲೆಕ್ಕ ಅಂತರದ ಕೆಲವೇ ಪಟ್ಟು ಶಕ್ತಿಯೊಳಗೆ ಚುಕ್ತಾ ಆಗುತ್ತಿತ್ತು. ತಾಮ್ರದ ಆಕ್ಸೈಡುಗಳು ಈ ನಿಯಮವನ್ನು ಮುರಿಯಲಿಲ್ಲವಾದರೂ, ಪುಸ್ತಕದ ಯಾವ ಪುಟದಿಂದ ಯಾವ ಪುಟಕ್ಕೆ ಬಾಕಿ ವರ್ಗವಾಗುತ್ತದೆ ಎಂಬ ವಿಷಯದಲ್ಲಿ ಪರಿಚಿತ ರೂಢಿಯನ್ನು ಪಾಲಿಸಲಿಲ್ಲ.

ಮೊದಲ ಅಚ್ಚರಿ ಈ ವಸ್ತುಗಳ ಮೂಲರೂಪದಲ್ಲೇ ಇದೆ. ಲ್ಯಾಂಥನಂ-ತಾಮ್ರದ ಶುದ್ಧ ಆಕ್ಸೈಡು ಎಲೆಕ್ಟ್ರಾನ್‌ಗಳ ಶಕ್ತಿಯ ಮಟ್ಟಗಳು ಪಟ್ಟಿಗಳಾಗಿ ಗುಂಪುಗೂಡುತ್ತವೆ ಎನ್ನುವ ಸರಳ ಪಟ್ಟಿ ಸಿದ್ಧಾಂತದ ಪ್ರಕಾರ ಲೋಹವಾಗಬೇಕು. ನಿಜದಲ್ಲಿ ಅದು ಅವಾಹಕ. ಒಂದು ತಾಮ್ರದ ನೆಲೆಯಲ್ಲಿ ಎರಡು ಎಲೆಕ್ಟ್ರಾನ್‌ಗಳು ಕೂಡುವುದನ್ನು ಅವುಗಳ ಪರಸ್ಪರ ವಿಕರ್ಷಣೆ ತಡೆಯುವುದರಿಂದ ಎಲ್ಲವೂ ತಮ್ಮ ತಮ್ಮ ನೆಲೆಯಲ್ಲೇ ಸಿಕ್ಕಿಕೊಂಡಿರುತ್ತವೆ, ಸುಮಾರು 2 ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಫೋಟಾನ್ ಬಂದ ಹೊರತು ಕದಲುವುದಿಲ್ಲ. ಲ್ಯಾಂಥನಂನ ಒಂದಿಷ್ಟು ಭಾಗವನ್ನು ಸ್ಟ್ರಾನ್ಷಿಯಂನಿಂದ ಬದಲಿಸಿ ಪದರಗಳಿಂದ ಕೆಲವು ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಂಡರೆ, ಅಂದರೆ ಬೆರಕೆ ಮಾಡಿದರೆ, ಏನಾಗುತ್ತದೆ ಎಂಬುದನ್ನು ಟೋಕಿಯೋದ ಉಚಿದ ಮತ್ತು ಸಂಗಡಿಗರು 1991ರಲ್ಲಿ ಹಂತಹಂತವಾಗಿ ಅಳೆದರು. 2 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಮೇಲಿದ್ದ ಕ್ಷೇತ್ರಫಲ ಕರಗುತ್ತ, ಅವಕೆಂಪಿನ ಕೆಳಭಾಗದಲ್ಲಿ ಅದೇ ಹೊಸದಾಗಿ ಬೆಳೆಯುತ್ತ ಬಂದದ್ದು ಅವರ ನಕ್ಷೆಗಳಲ್ಲಿ ಎದ್ದು ಕಾಣುತ್ತದೆ. ಸಾಮಾನ್ಯ ಅರೆವಾಹಕದಲ್ಲಿ ಬೆರಕೆ ಕೆಲವು ವಾಹಕ ಕಣಗಳನ್ನು ಕೂಡಿಸುತ್ತದೆ ಅಷ್ಟೆ. ಇಲ್ಲಿ ಅದು ಇಡೀ ಎಲೆಕ್ಟ್ರಾನ್ ವ್ಯವಸ್ಥೆಯನ್ನೇ ಮರುಹಂಚಿಕೆ ಮಾಡುತ್ತದೆ.

ಹಾಗೆ ಹುಟ್ಟಿದ ಲೋಹವೂ ವಿಚಿತ್ರವೇ. ಅದರ ದ್ಯುತಿವಾಹಕತೆ ಡ್ರೂಡ ಮಾದರಿ ಹೇಳುವುದಕ್ಕಿಂತ ನಿಧಾನವಾಗಿ ಇಳಿಯುತ್ತದೆ. ಇದನ್ನು ಅರ್ಥೈಸುವ ಒಂದು ದಾರಿಯೆಂದರೆ ಚದುರಿಕೆಯ ದರವನ್ನು ಸ್ಥಿರವೆಂದು ಭಾವಿಸದೆ ಆವರ್ತಾಂಕದ ಜೊತೆ ಬದಲಾಗಲು ಬಿಡುವುದು. ಹಾಗೆ ಮಾಡಿದಾಗ ಆ ದರ ಆವರ್ತಾಂಕಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿ ಏರುವುದು ಕಂಡುಬರುತ್ತದೆ. ಸಾಮಾನ್ಯ ಲೋಹಗಳಲ್ಲಿ ಎಲೆಕ್ಟ್ರಾನ್‌ಗಳ ಪರಸ್ಪರ ಡಿಕ್ಕಿಯ ದರ ಶಕ್ತಿಯ ವರ್ಗಕ್ಕೆ ಅನುಗುಣವಾಗಿರುವುದರಿಂದ, ಕಡಿಮೆ ಶಕ್ತಿಯಲ್ಲಿ ಅವು ಬಹುಮಟ್ಟಿಗೆ ಸ್ವತಂತ್ರ ಕಣಗಳಂತೆ ನಡೆದುಕೊಳ್ಳುತ್ತವೆ. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಎಲೆಕ್ಟ್ರಾನ್ ಎಂಬ ಬಿಡಿ ಕಣದ ಕಲ್ಪನೆಯೇ ಸಡಿಲಗೊಳ್ಳುತ್ತದೆ.

ಪದರದಿಂದ ಪದರಕ್ಕೆ ಅಡ್ಡಲಾಗಿ ಅಳೆದಾಗ ಮತ್ತೊಂದು ಸಂಗತಿ ಹೊರಬಿತ್ತು. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಇಟ್ರಿಯಂ ಸಂಯುಕ್ತದ ಸ್ಫಟಿಕಗಳ ಮೇಲೆ ಹೋಮ್ಸ್, ಟಿಮುಸ್ಕ್ ಮತ್ತಿತರರು 1993ರಲ್ಲಿ ಪ್ರಕಟಿಸಿದ ಅಳತೆಗಳು ಈ ಕ್ಷೇತ್ರದ ಮೈಲಿಗಲ್ಲುಗಳಲ್ಲಿ ಒಂದು. ಆಮ್ಲಜನಕ ತುಸು ಕಡಿಮೆಯಿದ್ದ ಆ ಸ್ಫಟಿಕದ ಸಂಕ್ರಮಣ ತಾಪ ಸುಮಾರು 63 ಕೆಲ್ವಿನ್. ಜಾಲಕದ ಕಂಪನಗಳಿಂದಾದ ಚೂಪು ಶಿಖರಗಳನ್ನು ಕಳೆದ ಮೇಲೆ ಉಳಿಯುವ ಎಲೆಕ್ಟ್ರಾನ್ ಭಾಗ ಕೊಠಡಿಯ ತಾಪದಲ್ಲಿ ಬಹುತೇಕ ಸಮತಟ್ಟಾಗಿದ್ದು, ತಣಿಸುತ್ತ ಬಂದಂತೆ ಸುಮಾರು 25 ಮಿಲಿ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿನ ಭಾಗ ತಗ್ಗುತ್ತ ಹೋಯಿತು, ಅದೂ ಅತಿವಾಹಕತೆ ಬರಲು ಇನ್ನೂ ಬಹಳ ದೂರವಿರುವಾಗಲೇ. ಈ ತಗ್ಗು ತಾಪಕ್ಕೆ ತಕ್ಕಂತೆ ಕಿರಿದಾಗಲಿಲ್ಲ, ಅಗಲವನ್ನು ಹಾಗೇ ಉಳಿಸಿಕೊಂಡು ಆಳವನ್ನು ಮಾತ್ರ ಬದಲಿಸಿತು. ಅಂತರದಂತೆ ಕಂಡರೂ ಪೂರ್ತಿ ಅಂತರವಲ್ಲದ ಇದನ್ನು ಹುಸಿ ಅಂತರ ಎನ್ನಬಹುದು. ಪರಮಾಣು ಬೀಜಗಳ ಕಾಂತೀಯ ಅನುರಣನದ ಪ್ರಯೋಗಗಳು 1989ರಿಂದಲೇ ಇದರ ಸುಳಿವು ಕೊಟ್ಟಿದ್ದವು. ಕಾಂತೀಯ ಗುಣದಲ್ಲಿ ಕಂಡದ್ದು ವಿದ್ಯುತ್ ಚಲನೆಯಲ್ಲೂ ಇದೆಯೆಂದು ಅವಕೆಂಪು ಬೆಳಕು ತೋರಿಸಿತು. ಅದು ಅತಿವಾಹಕತೆಯ ಮುನ್ಸೂಚನೆಯೋ ಅದರ ಪ್ರತಿಸ್ಪರ್ಧಿಯೋ ಎಂಬ ವಾದ ಇಂದಿಗೂ ತೀರ್ಮಾನವಾಗಿಲ್ಲ. ಹೋಮ್ಸ್ ಮತ್ತಿತರರ ಈ ಅಳತೆಗಳಿಗೂ ಒಂದು ವರ್ಷ ಮೊದಲು ತಮಸಾಕು, ನಕಮುರ ಮತ್ತು ಉಚಿದ ಅವರು ಲ್ಯಾಂಥನಂ ಸಂಯುಕ್ತದಲ್ಲಿ ಅಡ್ಡ ದಿಕ್ಕಿನ ಪ್ರತಿಫಲನವನ್ನು ಅಳೆದು, ಮೇಲಿನ ತಾಪದಲ್ಲಿ ಪಿಂಗಾಣಿಯಂಥ ಅವಾಹಕವಾಗಿ ತೋರುವ ಸ್ಫಟಿಕ ಸಂಕ್ರಮಣದ ಕೆಳಗೆ ಕೆಲವೇ ಮಿಲಿ ಎಲೆಕ್ಟ್ರಾನ್‌ವೋಲ್ಟ್‌ಗಳವರೆಗೆ ಪರಿಪೂರ್ಣ ಕನ್ನಡಿಯಾಗಿ, ಅಲ್ಲಿಂದ ಮುಂದೆ ಒಮ್ಮೆಲೇ ಮಂಕಾಗುವುದನ್ನು ತೋರಿಸಿದ್ದರು. ಪದರಗಳ ನಡುವೆ ಎಲೆಕ್ಟ್ರಾನ್ ಜೋಡಿಗಳು ಸುರಂಗ ಹಾಯ್ದು ಅತ್ತಿತ್ತ ಆಂದೋಲಿಸುವುದರ ಗುರುತು ಇದು. ಇಂಥ ಹಾಯುವಿಕೆಯನ್ನು 1962ರಲ್ಲಿ ಊಹಿಸಿದ ಬ್ರಯಾನ್ ಜೋಸೆಫ್‌ಸನ್ ಅವರ ಹೆಸರಿನಲ್ಲಿ ಇದನ್ನು ಜೋಸೆಫ್‌ಸನ್ ಪ್ಲಾಸ್ಮಾ ಅಂಚು ಎಂದು ಕರೆಯುತ್ತಾರೆ.

ಲೆಕ್ಕ ಚುಕ್ತಾ ಆಗದ ಸುದ್ದಿ ಬಂದದ್ದು 1999ರಲ್ಲಿ. ಬಾಸೊವ್ ಮತ್ತು ಸಂಗಡಿಗರು ಥ್ಯಾಲಿಯಂ, ಲ್ಯಾಂಥನಂ ಮತ್ತು ಇಟ್ರಿಯಂ ಸಂಯುಕ್ತಗಳಲ್ಲಿ ಅಡ್ಡ ದಿಕ್ಕಿನ ಮೊತ್ತವನ್ನು ಕೂಡಿ ನೋಡಿದಾಗ, ಶೂನ್ಯ ಆವರ್ತಾಂಕದ ಶಿಖರದಲ್ಲಿ ಜಮೆಯಾದಷ್ಟು ಕ್ಷೇತ್ರಫಲ ಅಂತರದ ಆಸುಪಾಸಿನಿಂದ ಕಾಣೆಯಾಗಿರಲಿಲ್ಲ. ಉಳಿದದ್ದು ಬಹಳ ಮೇಲಿನ ಶಕ್ತಿಗಳಿಂದ ಬಂದಿರಲೇಬೇಕಿತ್ತು. ಇದರ ಮಹತ್ವ ಚಲನಶಕ್ತಿಗೆ ಸಂಬಂಧಿಸಿದ್ದು. ಒಂದು ಪಟ್ಟಿಯ ಎಲೆಕ್ಟ್ರಾನ್‌ಗಳಿಗೆ ಮಾತ್ರ ಸೇರಿದ ಭಾಗಶಃ ಕ್ಷೇತ್ರಫಲ ಅವು ನೆಲೆಯಿಂದ ನೆಲೆಗೆ ಎಷ್ಟು ಸುಲಭವಾಗಿ ನೆಗೆಯುತ್ತವೆ ಎಂಬುದನ್ನು ಸೂಚಿಸುತ್ತದೆ. ಅದು ಹೆಚ್ಚಿದರೆ ಚಲನಶಕ್ತಿ ಇಳಿದಿದೆ ಎಂದು ಅರ್ಥ. 1957ರ ಸಿದ್ಧಾಂತದಲ್ಲಿ ಜೋಡಿಯಾಗುವ ಎಲೆಕ್ಟ್ರಾನ್‌ಗಳು ಚಲನಶಕ್ತಿಯಲ್ಲಿ ನಷ್ಟ ಅನುಭವಿಸಿ, ಪರಸ್ಪರ ಆಕರ್ಷಣೆಯ ವಿಭವಶಕ್ತಿಯಲ್ಲಿ ಅದಕ್ಕಿಂತ ಹೆಚ್ಚಿನ ಲಾಭ ಪಡೆಯುತ್ತವೆ. ಇಲ್ಲಿ ಚಲನಶಕ್ತಿಯಲ್ಲೇ ಲಾಭವಿರುವಂತೆ ಕಂಡಿತು. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ವಾನ್ ಡೆರ್ ಮಾರೆಲ್ ಅವರ ಗುಂಪು 2002ರಲ್ಲಿ ಬಿಸ್ಮತ್ ಸಂಯುಕ್ತದ ಪದರಗಳೊಳಗೂ ಇದೇ ದಿಕ್ಕಿನ ಬದಲಾವಣೆಯನ್ನು ವರದಿ ಮಾಡಿತು: ಸಂಕ್ರಮಣದ ಕೆಳಗೆ ಗೋಚರ ಬೆಳಕಿನ ಪ್ರದೇಶದಿಂದಲೂ ಕ್ಷೇತ್ರಫಲ ಜಾರಿ ಕೆಳಕ್ಕೆ ಬರುತ್ತದೆ, ಲಾಭ ತಾಮ್ರದ ಪ್ರತಿ ಪರಮಾಣುವಿಗೆ ಒಂದು ಮಿಲಿ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸು. ಬದಲಾವಣೆ ಒಟ್ಟು ಮೊತ್ತದ ಶೇಕಡಾ ಒಂದಕ್ಕಿಂತಲೂ ಕಡಿಮೆಯಾದ್ದರಿಂದ ವಿವಾದ ಅನಿವಾರ್ಯವಾಗಿತ್ತು. 2004ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಗುಂಪೊಂದು ತನ್ನ ಅಳತೆಗಳಿಂದ ವಿರುದ್ಧ ತೀರ್ಮಾನಕ್ಕೆ ಬಂದಿತು. ಮುಂದಿನ ಅಧ್ಯಯನಗಳು ಬೆರಕೆ ಹೆಚ್ಚಾದಾಗ ಚಿಹ್ನೆಯೇ ತಿರುಗಿ, ಹಳೆಯ ಸಿದ್ಧಾಂತದ ನಡವಳಿಕೆ ಮರಳುವುದನ್ನು ಸೂಚಿಸಿದವು. ಆಗ ಪ್ರಶ್ನೆ ಹೌದು-ಅಲ್ಲಗಳದಾಗಿ ಉಳಿಯದೆ, ಬೆರಕೆಯ ಯಾವ ಮಟ್ಟದಲ್ಲಿ ಯಾವ ಬಗೆಯ ಲಾಭ ಎಂಬುದಾಗಿ ಮಾರ್ಪಟ್ಟಿತು.

ಇಷ್ಟೆಲ್ಲ ವೈವಿಧ್ಯದ ನಡುವೆ ಒಂದು ಸರಳ ಕ್ರಮವೂ ಇದೆ. 2004ರಲ್ಲಿ ಹೋಮ್ಸ್ ಮತ್ತು ಸಂಗಡಿಗರು ಹಲವಾರು ತಾಮ್ರದ ಆಕ್ಸೈಡುಗಳ ಅವಕೆಂಪು ಅಳತೆಗಳನ್ನು ಒಟ್ಟುಗೂಡಿಸಿ, ಅತಿವಾಹಕ ಎಲೆಕ್ಟ್ರಾನ್‌ಗಳ ಸಾಂದ್ರತೆಯು ಸಂಕ್ರಮಣ ತಾಪ ಮತ್ತು ಸಂಕ್ರಮಣಕ್ಕೆ ತುಸು ಮೇಲಿನ ವಾಹಕತೆ ಇವೆರಡರ ಗುಣಲಬ್ಧಕ್ಕೆ ಅನುಪಾತದಲ್ಲಿದೆ ಎಂದು ತೋರಿಸಿದರು. ಬೆರಕೆ ಹೆಚ್ಚಿದ್ದರೂ ಕಡಿಮೆಯಿದ್ದರೂ, ಪದರದುದ್ದಕ್ಕೆ ಅಳೆದರೂ ಅಡ್ಡಕ್ಕೆ ಅಳೆದರೂ ಬಿಂದುಗಳೆಲ್ಲ ಒಂದೇ ರೇಖೆಯ ಮೇಲೆ ಕೂಡುತ್ತವೆ. ಇದರ ಅರ್ಥವನ್ನು ಲೈಡನ್‌ನ ಯಾನ್ ಜಾನೆನ್ ಹೀಗೆ ಬಿಡಿಸಿದರು: ಸಂಕ್ರಮಣದ ಸನಿಹದಲ್ಲಿ ಎಲೆಕ್ಟ್ರಾನ್‌ಗಳು ಕ್ವಾಂಟಂ ನಿಯಮಗಳು ಆ ತಾಪದಲ್ಲಿ ಅನುಮತಿಸುವ ಅತಿ ಕಡಿಮೆ ಅವಧಿಯಲ್ಲಿ ತಮ್ಮ ಚಲನೆಯನ್ನು ಕಳೆದುಕೊಳ್ಳುತ್ತವೆ. ಪ್ಲಾಂಕ್ ಅವಧಿಮಿತಿಯೆನ್ನಬಹುದಾದ ಇದು 100 ಕೆಲ್ವಿನ್‌ನಲ್ಲಿ ಸುಮಾರು 76 ಫೆಮ್ಟೊ ಸೆಕೆಂಡ್. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರ ಒಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ಸಿಗುವುದು ಒಂದು ಫೆಮ್ಟೊ ಸೆಕೆಂಡ್.

ಕಳೆದ ಒಂದೂವರೆ ದಶಕದಲ್ಲಿ ಅವಕೆಂಪು ಬೆಳಕು ಅಳೆಯುವ ಕೆಲಸದಿಂದ ಬದಲಿಸುವ ಕೆಲಸಕ್ಕೂ ದಾಟಿದೆ. 2011ರಲ್ಲಿ ಕವಲ್ಲೇರಿ ಅವರ ಗುಂಪು, ಪದರಗಳ ನಡುವಿನ ಹೊಂದಾಣಿಕೆ ಕೆಟ್ಟು ಅತಿವಾಹಕತೆ ಕಳೆದುಕೊಂಡ ಲ್ಯಾಂಥನಂ ಸಂಯುಕ್ತವೊಂದನ್ನು 10 ಕೆಲ್ವಿನ್‌ನಲ್ಲಿಟ್ಟು, 16 ಮೈಕ್ರೋಮೀಟರ್ ತರಂಗಾಂತರದ ಕ್ಷಣಿಕ ಮಿಡಿತದಿಂದ ತಾಮ್ರ-ಆಮ್ಲಜನಕ ಬಂಧಗಳನ್ನು ಕಂಪಿಸಿತು. ಒಂದೆರಡು ಪಿಕೊ ಸೆಕೆಂಡಿನೊಳಗೆ ಜೋಸೆಫ್‌ಸನ್ ಪ್ಲಾಸ್ಮಾ ಅಂಚು ಮೂಡಿತು. ಆನಂತರ ಇಟ್ರಿಯಂ ಸಂಯುಕ್ತದಲ್ಲಿ ಕೊಠಡಿಯ ತಾಪದ ಸಮೀಪದವರೆಗೂ ಇಂಥ ಕ್ಷಣಿಕ ಗುರುತುಗಳು ಕಂಡವೆಂಬ ವರದಿಗಳು ಬಂದವು, ಆದರೆ ಅವು ನಿಜವಾದ ಅತಿವಾಹಕತೆಯೋ ಕೆರಳಿದ ಎಲೆಕ್ಟ್ರಾನ್‌ಗಳ ಬೇರೊಂದು ಪ್ರತಿಕ್ರಿಯೆಯೋ ಎಂಬುದರ ಬಗ್ಗೆ ಒಮ್ಮತವಿಲ್ಲ.

ತಾಮ್ರದ ಆಕ್ಸೈಡುಗಳಿಗೆ ಸರ್ವಸಮ್ಮತವಾದ ಸಿದ್ಧಾಂತ ಇನ್ನೂ ಬಂದಿಲ್ಲವಾದರೂ, ಮುಂದೆ ಬರಬೇಕಾದ ಸಿದ್ಧಾಂತ ದಾಟಲೇಬೇಕಾದ ಪರೀಕ್ಷೆಗಳನ್ನು ಅವಕೆಂಪು ಅಧ್ಯಯನಗಳು ಸ್ಪಷ್ಟವಾಗಿ ಗೊತ್ತುಪಡಿಸಿವೆ. ಎಲೆಕ್ಟ್ರಾನ್‌ಗಳನ್ನು ಜೋಡಿಸುವ ಅಂಟು ಯಾವುದು ಎಂಬುದನ್ನಷ್ಟೇ ಹೇಳಿದರೆ ಅದಕ್ಕೆ ಉತ್ತೀರ್ಣತೆ ಸಿಗದು. ಅವಾಹಕವೊಂದು ತುಸುವೇ ಬೆರಕೆಯಿಂದ ತನ್ನ ಇಡೀ ರೋಹಿತವನ್ನು ಮರುಹಂಚುವುದೇಕೆ, ಚದುರಿಕೆಯ ದರ ಆವರ್ತಾಂಕದೊಡನೆ ಏರುವುದೇಕೆ, ಸಂಕ್ರಮಣಕ್ಕೆ ಬಹಳ ಮೇಲೆ ಹುಸಿ ಅಂತರ ತೆರೆಯುವುದೇಕೆ, 30 ಮಿಲಿ ಎಲೆಕ್ಟ್ರಾನ್‌ವೋಲ್ಟಿನ ಅಳತೆಯ ವಿದ್ಯಮಾನವೊಂದು ಅದಕ್ಕಿಂತ ಹತ್ತಾರು ಪಟ್ಟು ಶಕ್ತಿಯ ಪ್ರದೇಶವನ್ನು ಕಲಕುವುದೇಕೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಒಂದೇ ನೆಲೆಯಿಂದ ಉತ್ತರ ಕೊಡಬೇಕು. ಸಂಕ್ರಮಣ ತಾಪವೊಂದನ್ನು ವಿವರಿಸಲು ಹೊರಟ ಸಿದ್ಧಾಂತಗಳು ಈಗಾಗಲೇ ಹಲವು ಇವೆ. ಇಡೀ ರೋಹಿತದ ಲೆಕ್ಕವನ್ನು ಒಪ್ಪಿಸಬಲ್ಲ ಸಿದ್ಧಾಂತ ಮಾತ್ರ ಇನ್ನೂ ಸಿದ್ಧವಾಗಬೇಕಿದೆ.